ನಡೆಯುವ ಹಾಗೆ ಆದ ಮೇಲೆ ಬನ್ನಿ ಅಂದ್ರಲ್ಲ, ಅದಕ್ಕೆ ಈ ಪತ್ರ

ನಮ್ಮ ಮಂಗಳೂರಿನಲ್ಲಿ ಜಿಮ್ ನಡೆಸುವವರಿಗೆ, ಫಿಸಿಯೋಥೆರಪಿ ಡಾಕ್ಟ್ರುಗಳಿಗೆ, ಪಾರ್ಕಿನಲ್ಲಿ ಓಪನ್ ಜಿಮ್ ಹಾಕಿಸುವ ಇಂಜಿನಿಯರ್ ಸಾಹೇಬ್ರುಗಳಿಗೆ, ಎಲ್ರಿಗೂ ಒಟ್ಟಿಗೆ ನಮಸ್ಕಾರ.

ನಾನು ಬಿಜೈ ಕಡೆಯವಳು. ವಯಸ್ಸು 43. ಮೊದಲು ಒಂದು ಸೊಸೈಟಿಯ ಕ್ಯಾಶ್ ಕೌಂಟರಿನಲ್ಲಿ ಇದ್ದೆ, ಈಗ ಮನೆಯಿಂದಲೇ ನಾಲ್ಕೈದು ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡ್ಕೊಳ್ತೇನೆ. ನಂಗೆ ಎಂಎಸ್ ಉಂಟು, ಮಲ್ಟಿಪಲ್ ಸ್ಕ್ಲೀರೋಸಿಸ್. 6 ವರ್ಷದಿಂದ ವೀಲ್‌ಚೇರ್. ಇದನ್ನೆಲ್ಲ ಅಯ್ಯೋ ಪಾಪ ಅಂತ ಹೇಳಿಸಿಕೊಳ್ಳಿಕ್ಕೆ ಬರೀತಾ ಇಲ್ಲ, ಅದು ಸಂತೆಗೆ ಹೋದ್ರೂ ಸಿಗ್ತದೆ, ದೇವಸ್ಥಾನಕ್ಕೆ ಹೋದ್ರೂ ಸಿಗ್ತದೆ. ನಂಗೆ ಬೇಕಾದದ್ದು ಬೇರೆ.

ಹೋದ ಫೆಬ್ರವರಿಯಲ್ಲಿ ನಾನೂ ತಮ್ಮನೂ ಒಂದು ಜಿಮ್ಮಿಗೆ ಹೋದೆವು. ಯಾವ ಜಿಮ್ ಅಂತ ಕೇಳ್ಬೇಡಿ, ಹೆಸರಲ್ಲಿ ಎಂತ ಉಂಟು, ಪಕ್ಕದ್ದಕ್ಕೆ ಹೋಗಿದ್ರೂ ಇದೇ ಕಥೆ ಆಗ್ತಿತ್ತು. ಲಿಫ್ಟ್ ಇತ್ತು, ಆದ್ರೆ ಲಿಫ್ಟಿನವರೆಗೆ ಹೋಗ್ಲಿಕ್ಕೆ ಮೂರು ಮೆಟ್ಲು, ತಮ್ಮ ಮತ್ತೆ ವಾಚ್‌ಮ್ಯಾನ್ ಅಣ್ಣ ಕುರ್ಚಿ ಸಮೇತ ಎತ್ತಿದ್ರು. ಒಳಗೆ ಹೋದ್ರೆ ಟ್ರೈನರ್ ಹುಡುಗ ಒಳ್ಳೆಯವನೇ, ಟೀಶರ್ಟ್ ಹರಿದುಹೋಗುವ ಹಾಗೆ ಮೈ ಬೆಳೆಸಿದವ, ಅಕ್ಕ ಅಂತ ಕರೆದು ಕುಡಿಲಿಕ್ಕೆ ನೀರು ತಂದುಕೊಟ್ಟ. ನಾನು ಕೈಯಲ್ಲಿ ತುಳಿಯುವ ಸೈಕಲ್ ಉಂಟಾ ಅಂತ ಕೇಳಿದೆ. ಅವನು ನನ್ನ ಕಾಲು ನೋಡಿದ, ತಮ್ಮನ ಮುಖ ನೋಡಿದ, ಮತ್ತೆ ಹೇಳಿದ, ಅಕ್ಕ ನೀವು ಮೊದಲು ಫಿಸಿಯೋಥೆರಪಿ ಮಾಡಿಸಿ, ಸ್ವಲ್ಪ ನಡೆಯುವ ಹಾಗೆ ಆದ ಮೇಲೆ ಬನ್ನಿ, ನಾನೇ ನೋಡ್ಕೊಳ್ತೇನೆ ಅಂತ.

ಮಾರಾಯ್ರೆ, ಕೋಪ ಬರ್ಲಿಲ್ಲ. ನಗು ಬಂತು. ಯಾಕಂದ್ರೆ ಫಿಸಿಯೋಥೆರಪಿಯವರು ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ಅಲ್ಲಿ ಒಂದೂವರೆ ವರ್ಷ ಹೋಗಿದ್ದೆ, ಮಲಗಿಸ್ತಾರೆ, ಕಾಲು ಎತ್ತಿ ಇಳಿಸ್ತಾರೆ, ಪಾದ ಬಗ್ಗಿಸ್ತಾರೆ, ಹತ್ತು ಸಲ ಆ ಕಡೆ ಹತ್ತು ಸಲ ಈ ಕಡೆ, ಬಿಲ್. ಒಂದು ದಿನ ಅವ್ರೇ ಹೇಳಿದ್ರು, ಇನ್ನು ಇಂಪ್ರೂವ್‌ಮೆಂಟ್ ಕಷ್ಟ, ಮನೆಯಲ್ಲೇ ಮಾಡಿಸ್ಕೊಳ್ಳಿ ಅಂತ. ಅಂದ್ರೆ ಇವರು ಹೇಳುದು ನಡೀಲಿಕ್ಕೆ ಆಗುದಿಲ್ಲ ಹಾಗಾಗಿ ಸಾಕು, ಅವನು ಹೇಳುದು ನಡೆದ ಮೇಲೆ ಬನ್ನಿ. ನಡುವೆ ನಾನು ಹೋಗುದು ಎಲ್ಲಿಗೆ? ನಡೀಲಿಕ್ಕೆ ಆಗದವರಿಗೆ ಹೃದಯ ಇಲ್ವಾ, ಶ್ವಾಸಕೋಶ ಇಲ್ವಾ, ಶುಗರ್ ಬಿಪಿ ಕೊಲೆಸ್ಟ್ರಾಲ್ ಬರುದಿಲ್ವಾ? ಕೂತವರಿಗೇ ಅದೆಲ್ಲ ಬೇಗ ಬರುದು.

ಎಂಎಸ್ ಅಂದ್ರೆ ಎಂತ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ, ಗೊತ್ತಿದ್ದವರು ಕೆಳಗೆ ಹೋಗಿ. ಕರೆಂಟ್ ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರಿನ ಸಿಪ್ಪೆ ಉಪ್ಪುಗಾಳಿಗೆ ಹೋದ್ರೆ ಮಳೆಗಾಲದಲ್ಲಿ ಲೈಟ್ ಮಿಣುಕ್ ಮಿಣುಕ್ ಅಂತದಲ್ಲ, ಹಾಗೆ. ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ, ಕಣ್ಣಿನ ನರದಲ್ಲಿ ಇರುವ ವಯರುಗಳ ಮೇಲೆ ಮಯಲಿನ್ ಅಂತ ಒಂದು ಹೊದಿಕೆ ಉಂಟು, ಅದನ್ನು ನಮ್ಮದೇ ರೋಗನಿರೋಧಕ ಶಕ್ತಿ ಶತ್ರು ಅಂತ ತಿಳ್ಕೊಂಡು ತಿಂತದೆ. ಹೆಚ್ಚಾಗಿ 20ರಿಂದ 40 ವಯಸ್ಸಿನೊಳಗೆ ಶುರುವಾಗ್ತದೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಇದು ಫಾರಿನ್‌ನವರ ಕಾಯಿಲೆ, ನಮ್ಮಲ್ಲಿ ಇಲ್ಲ ಅಂತ ತುಂಬ ಜನ ಹೇಳ್ತಾರೆ, ಆದ್ರೆ ನಮ್ಮ ಮಂಗಳೂರು ಸಿಟಿಯಲ್ಲೇ ಸರ್ವೆ ಮಾಡಿ 2014ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ ಲಕ್ಷಕ್ಕೆ ಸುಮಾರು 8 ಜನ ಅಂತ ಸಿಕ್ಕಿದೆ. ಕಮ್ಮಿಯೇ, ಒಪ್ತೇನೆ. ಆದ್ರೆ ಆ ಎಂಟರಲ್ಲಿ ಒಬ್ಳು ನಾನು, ನಂಗೆ ಅದು ನೂರಕ್ಕೆ ನೂರು.

ಈಗ ಮುಖ್ಯ ವಿಷಯ. ನನ್ನ ಮೈಯಲ್ಲಿ ಹೋದ ಶಕ್ತಿಯಲ್ಲಿ ಎರಡು ಪಾಲು ಉಂಟು. ಒಂದು ಎಂಎಸ್ ತಿಂದದ್ದು. ಇನ್ನೊಂದು ಕೂತು ಕೂತು ಹೋದದ್ದು. ಮೊದಲನೆಯದಕ್ಕೆ ನೀವು ಎಂತ ಮಾಡ್ಲಿಕ್ಕೂ ಆಗುದಿಲ್ಲ, ಅದು ನ್ಯೂರಾಲಜಿ ಡಾಕ್ಟ್ರು, ಇಂಜೆಕ್ಷನ್, ಮಾತ್ರೆ, ದೇವರು. ಎರಡನೆಯದು ಮಾತ್ರ ವಾಪಸ್ ಬರ್ತದೆ, ನಾನು ಮನೆಯಲ್ಲಿ ಒಬ್ಳೇ ತರಿಸಿ ನೋಡಿದ್ದೇನೆ. ನೀವೆಲ್ಲ ಎರಡನ್ನೂ ಒಂದೇ ಖಾತೆಗೆ ಬರೆದು ಕ್ಲೋಸ್ ಮಾಡಿದ್ದೀರಿ, ಲೆಕ್ಕದವಳಾದ ನಂಗೆ ಅದೇ ಆಗದ್ದು.

ಮೊದಲು ಇಡೀ ಪ್ರಪಂಚದಲ್ಲೇ ಡಾಕ್ಟ್ರುಗಳು ಎಂಎಸ್ ಇದ್ದವರಿಗೆ ಆಯಾಸ ಮಾಡ್ಕೊಳ್ಬೇಡಿ, ರೆಸ್ಟ್ ತಗೊಳ್ಳಿ ಅಂತಲೇ ಹೇಳ್ತಿದ್ರು. ಅದನ್ನು ಅಲ್ಲಾಡಿಸಿದ್ದು 1996ರಲ್ಲಿ ಅಮೆರಿಕಾದ ಯೂಟಾದಲ್ಲಿ ಆದ ಒಂದು ಪ್ರಯೋಗ. 54 ಜನ, 15 ವಾರ, ವಾರಕ್ಕೆ ಮೂರು ಸಲ 40 ನಿಮಿಷ, ಕೈ ಕಾಲು ಎರಡರಲ್ಲೂ ತುಳಿಯುವ ಸೈಕಲ್. ವ್ಯಾಯಾಮ ಮಾಡಿದವರ ದಮ್ಮು, ಬಲ ಎರಡೂ ಏರಿತು. ಅದರ ನಂತರ ಎಷ್ಟೋ ಅಧ್ಯಯನ ಬಂತು, ವ್ಯಾಯಾಮದಿಂದ ರಿಲ್ಯಾಪ್ಸ್, ಅಂದ್ರೆ ಕಾಯಿಲೆಯ ಹೊಸ ಅಟ್ಯಾಕ್, ಹೆಚ್ಚಾಗ್ತದೆ ಅನ್ನುವ ಹೆದರಿಕೆಗೆ ಅವುಗಳಲ್ಲಿ ಆಧಾರ ಸಿಗ್ಲಿಲ್ಲ. ಆದ್ರೆ ಒಂದು ಮೋಸ ಉಂಟು ನೋಡಿ, ಈ ಅಧ್ಯಯನಗಳಲ್ಲಿ ಹೆಚ್ಚಿನವಕ್ಕೆ ತಗೊಂಡದ್ದು ನಡೆಯುವವರನ್ನೇ. ನಮ್ಮಂಥವರನ್ನು ವಿಜ್ಞಾನಿಗಳೂ ನಡೆದ ಮೇಲೆ ಬನ್ನಿ ಅಂದ್ರು! ಈಚೆಗೆ ಸ್ವಲ್ಪ ಬದಲಾಗಿದೆ. 2019ರಲ್ಲಿ ಬ್ರಿಟನ್ನಿನಲ್ಲಿ ನಡೀಲಿಕ್ಕೆ ತುಂಬ ಕಷ್ಟ ಇದ್ದ 140 ಜನರನ್ನು ಸೇರಿಸಿ, ಅವರಲ್ಲಿ ಅರ್ಧ ಜನರಿಗೆ ಮನೆಯಲ್ಲೇ ಸ್ಟ್ಯಾಂಡಿಂಗ್ ಫ್ರೇಮ್ ಕೊಟ್ಟು, ಅಂದ್ರೆ ಬೆಲ್ಟ್ ಕಟ್ಟಿ ನಿಲ್ಲಿಸುವ ಚೌಕಟ್ಟು, ವಾರಕ್ಕೆ ಮೂರು ಸಲ ಅರ್ಧ ಗಂಟೆ, 20 ವಾರ ನಿಲ್ಲಿ ಅಂತ ಹೇಳಿದ್ರು, ಅವರ ಚಲನೆ ಉಳಿದ ಅರ್ಧ ಜನರಿಗಿಂತ ಸುಧಾರಿಸ್ತು. 2020ರಲ್ಲಿ ಅಮೆರಿಕಾದ ಎಂಎಸ್ ಸೊಸೈಟಿಯವರು ಕೊಟ್ಟ ಸಲಹೆಯಲ್ಲಿ ಕುರ್ಚಿಯಲ್ಲಿ ಇರುವವರಿಗೂ ಹಾಸಿಗೆ ಹಿಡಿದವರಿಗೂ ಬೇರೆ ಬೇರೆ ವ್ಯಾಯಾಮ ಹೇಳಿದ್ದಾರೆ, ನೀನು ಲೆಕ್ಕಕ್ಕಿಲ್ಲ ಅಂತ ಯಾರನ್ನೂ ಬಿಡ್ಲಿಲ್ಲ.

ಸರಿ, ಮನೆಯಲ್ಲಿ ಎಂತ ಮಾಡಿದೆ ಅಂತ ಹೇಳ್ತೇನೆ, ಇದರಿಂದ ಟ್ರೈನರ್ ಹುಡುಗರಿಗೆ ಉಪಯೋಗ ಆದ್ರೂ ಆಗ್ಬಹುದು.

ಆನ್‌ಲೈನಿನಲ್ಲಿ ಒಂದು ಪುಟ್ಟ ಪೆಡಲ್ ತರಿಸಿದೆ, ವಯಸ್ಸಾದವರು ಕಾಲಡಿ ಇಟ್ಟು ತುಳೀತಾರಲ್ಲ ಅದು. ಊಟದ ಟೇಬಲ್ ಮೇಲಿಟ್ಟು ಕೈಯಲ್ಲಿ ತಿರುಗಿಸುದು. ಮೊದಲ ದಿನ ತಿರುಗಿಸಿದ್ರೆ ಅದು ಜಾರಿ ಜಾರಿ ಅಮ್ಮನ ಚಾ ಗ್ಲಾಸಿನವರೆಗೆ ಹೋಯ್ತು. ಅಮ್ಮ ಗ್ರೈಂಡರಿನ ಅಡಿಯ ರಬ್ಬರ್ ಶೀಟ್ ತಂದು ಹಾಕಿದ್ರು, ನಿಂತಿತು. ನನ್ನ ಎಡಗೈ ಬೆರಳಿಗೆ ಹಿಡಿತ ಇಲ್ಲ, ಹಾಗಾಗಿ ಹಳೇ ಕ್ರೇಪ್ ಬ್ಯಾಂಡೇಜಿನಲ್ಲಿ ಕೈಯನ್ನು ಹಿಡಿಗೆ ಸುತ್ತಿ ಕಟ್ಟುದು, ಬಲಗೈ ಎಳೀತದೆ, ಎಡಗೈ ಸವಾರಿ ಹೋಗ್ತದೆ, ಹೋಗ್ತಾ ಹೋಗ್ತಾ ಅದೂ ಸ್ವಲ್ಪ ಸ್ವಲ್ಪ ಕೆಲಸ ಮಾಡ್ತದೆ. ಮೊದಲ ವಾರ ಎರಡು ನಿಮಿಷಕ್ಕೆ ಉಸ್ಸಪ್ಪ. ಎರಡು ನಿಮಿಷ ತಿರುಗಿಸು, ಎರಡು ನಿಮಿಷ ಬಿಡು, ಮತ್ತೆ ತಿರುಗಿಸು. ಈಗ ನಡು ನಡುವೆ ಬಿಟ್ಟು ಬಿಟ್ಟು ಒಟ್ಟು 18 ನಿಮಿಷ ತಿರುಗಿಸ್ತೇನೆ, ವಾರಕ್ಕೆ ಮೂರು ದಿನ. ಇನ್ನೆರಡು ದಿನ ಕಿಟಿಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಹಿಂದಕ್ಕೆ ಎಳೆಯುದು. ಹಿಂದಕ್ಕೆ ಯಾಕೆ ಅಂದ್ರೆ ಕುರ್ಚಿಯವರು ದಿನವಿಡೀ ಚಕ್ರವನ್ನು ಮುಂದಕ್ಕೆ ತಳ್ಳಿ ತಳ್ಳಿ ಭುಜದ ಮುಂಭಾಗ ಬಿಗಿಯಾಗ್ತದೆ, ಹಿಂಭಾಗ ಸೋಲ್ತದೆ, ಮತ್ತೆ ಭುಜ ನೋವು ಶುರು. ಕಾಲು ಹೋದವಳಿಗೆ ಭುಜವೂ ಹೋದ್ರೆ ಉಳಿಯುದು ಎಂತ? ಹಾಗಾಗಿ ದಯಮಾಡಿ ನಮ್ಮನ್ನು ನೋಡಿದ ಕೂಡ್ಲೆ ಡಂಬೆಲ್ ಕೊಟ್ಟು ಮೇಲಕ್ಕೆ ಎತ್ತಿಸ್ಬೇಡಿ, ಮೊದಲು ಎಳೆಸಿ.

ಇನ್ನೊಂದು, ಬೆನ್ನಿಗೆ ಆಧಾರ ಇಲ್ಲದೆ ಮಂಚದ ಅಂಚಿನಲ್ಲಿ ಕೂತು ತಮ್ಮನ ಮಗನ ಹತ್ರ ಬಾಲ್ ಹಾಕಿಸ್ಕೊಳ್ಳುದು. ಅವನಿಗೆ 7 ವರ್ಷ, ಅವನಿಗೆ ಇದು ಕ್ರಿಕೆಟ್, ನಂಗೆ ಇದು ಸೊಂಟದ ವ್ಯಾಯಾಮ. ಕ್ಯಾಚ್ ಬಿಟ್ರೆ ಬೈತಾನೆ.

ಎಂಟು ತಿಂಗಳಿಗೆ ಆದ ಲಾಭ ಎಂತ ಅಂತ ಕೇಳಿದ್ರೆ, ಒಂದು ಹೆಜ್ಜೆಯೂ ಇಡ್ಲಿಲ್ಲ, ಇಡುವ ಆಸೆಯಿಂದ ಮಾಡ್ಲೂ ಇಲ್ಲ. ಆದ್ರೆ ಮೊದಲು ಮಂಚದಿಂದ ಕುರ್ಚಿಗೆ ಬರ್ಲಿಕ್ಕೆ ಅಮ್ಮ ಮತ್ತೆ ತಮ್ಮನ ಹೆಂಡತಿ ಇಬ್ರೂ ಬೇಕಿತ್ತು, ಅಮ್ಮನಿಗೆ 71, ಅವರ ಸೊಂಟ ಕಥೆ ಬೇರೆ. ಈಗ ಆಚಾರಿಯವರ ಹತ್ರ ಪ್ಲೈವುಡ್‌ನದ್ದು ಒಂದು ಹಲಗೆ ಮಾಡಿಸಿದ್ದೇನೆ, ಅಂಚು ಚೆನ್ನಾಗಿ ಉಜ್ಜಿ ನುಣ್ಣಗೆ ಮಾಡಿ ಕೊಟ್ಟಿದ್ದಾರೆ, ಅದನ್ನು ಮಂಚಕ್ಕೂ ಕುರ್ಚಿಗೂ ನಡುವೆ ಇಟ್ಟು ಕೈ ಊರಿ ನಾನೇ ಜಾರ್ತೇನೆ. ಬೆಳಿಗ್ಗೆ ಯಾರನ್ನೂ ಕರೀದೆ ಎದ್ದು ಅಡಿಗೆಮನೆವರೆಗೆ ಹೋದ ದಿನ ಅಮ್ಮ ಹೆದರಿ ದೋಸೆ ಸಟ್ಟುಗ ಕೈಯಲ್ಲೇ ಹಿಡ್ಕೊಂಡು ನಿಂತದ್ದು, ದೋಸೆ ಕರಟಿದ್ದು, ಅದು ನನ್ನ ಒಲಿಂಪಿಕ್ಸ್ ಮಾರಾಯ್ರೆ.

ಇನ್ನು ಸೆಖೆ. ಇದನ್ನು ನಿಧಾನವಾಗಿ ಓದಿ, ಯಾಕಂದ್ರೆ ನಮ್ಮ ಊರಿನಲ್ಲಿ ಇದು ಗೊತ್ತಿಲ್ಲದೆ ಎಂಎಸ್‌ನವರಿಗೆ ವ್ಯಾಯಾಮ ಮಾಡಿಸುದು ತಪ್ಪು.

ನಂಗೆ ಕಾಯಿಲೆ ಉಂಟು ಅಂತ ಗೊತ್ತಾಗುವ ಮೊದಲಿನ ದೀಪಾವಳಿ. ದೊಡ್ಡಮ್ಮ ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಿ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿ, ಹಂಡೆಯಲ್ಲಿ ಹೊಗೆ ಏಳುವಷ್ಟು ಬಿಸಿನೀರು, ಚೆಂಬು ಚೆಂಬಾಗಿ ಹೊಯ್ದರು. ಸ್ನಾನ ಆಯ್ತು, ಏಳಮ್ಮ ಅಂದ್ರು. ಎದ್ದೇಳ್ಲಿಕ್ಕೆ ಆಗ್ಲಿಲ್ಲ. ಕಾಲು ಎರಡೂ ಬೇಯಿಸಿದ ಗೆಣಸು. ಎಡಗಣ್ಣಿನಲ್ಲಿ ಬಚ್ಚಲುಮನೆಯ ಬಲ್ಬ್ ಮಂಜು ಮಂಜು. ಹೊರಗೆ ಮಕ್ಕಳು ಪಟಾಕಿ ಬಿಡ್ತಾ ಇದ್ರು, ಒಳಗೆ ಮೂವರು ಸೇರಿ ನನ್ನನ್ನು ಎತ್ತಿ ಹಾಕಿದ್ರು. ಅರ್ಧ ಗಂಟೆಯಲ್ಲಿ ಮೈ ತಣ್ಣಗಾಯ್ತು, ನಾನೇ ಎದ್ದು ಬಂದು ಅವಲಕ್ಕಿ ತಿಂದೆ. ದೃಷ್ಟಿ ಆದದ್ದು ಅಂತ ಉಪ್ಪು ಮೆಣಸು ನೀವಾಳಿಸಿ ಒಲೆಗೆ ಹಾಕಿದ್ರು. ಆಮೇಲೆ ಗೊತ್ತಾದದ್ದು, ಇದನ್ನು 1890ರಲ್ಲೇ ವಿಲ್ಹೆಲ್ಮ್ ಊಟ್‌ಹಾಫ್ ಅನ್ನುವ ಜರ್ಮನಿಯ ಕಣ್ಣಿನ ಡಾಕ್ಟ್ರು ಬರೆದಿಟ್ಟಿದ್ದಾರೆ, ದುಡಿದು ಮೈ ಬಿಸಿಯಾದ ಮೇಲೆ ಕಣ್ಣು ಮಂಜಾಗುವ ರೋಗಿಗಳನ್ನು ನೋಡಿ. ಎಂಆರ್‌ಐ ಇಲ್ಲದ ಕಾಲದಲ್ಲಿ ಎಂಎಸ್ ಉಂಟಾ ಇಲ್ವಾ ಅಂತ ತಿಳೀಲಿಕ್ಕೆ ಡಾಕ್ಟ್ರುಗಳೇ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸ್ತಿದ್ರಂತೆ. ನನ್ನ ದೊಡ್ಡಮ್ಮ ಎಂಬಿಬಿಎಸ್ ಇಲ್ಲದೆಯೇ ಆ ಟೆಸ್ಟ್ ಮಾಡಿದ್ದಾರೆ ನೋಡಿ.

ಸಿಪ್ಪೆ ಹೋದ ವಯರಿನಲ್ಲಿ ಮೈ ಬಿಸಿ ಸ್ವಲ್ಪ ಏರಿದ್ರೂ ಸಿಗ್ನಲ್ ಕಡಿದು ಹೋಗ್ತದೆ, ತಣ್ಣಗಾದ ಮೇಲೆ ವಾಪಸ್ ಬರ್ತದೆ. ಕಾಯಿಲೆ ಹೆಚ್ಚಾದದ್ದಲ್ಲ, ಹೊಸ ಅಟ್ಯಾಕ್ ಅಲ್ಲ. ಇದು ಗೊತ್ತಿಲ್ಲದ ಟ್ರೈನರ್ ಮುಂದೆ ನನ್ನ ಕಣ್ಣು ಮಂಜಾದ್ರೆ ಅವನು ಆಂಬುಲೆನ್ಸ್ ಕರೀತಾನೆ, ಮತ್ತೆ ಯಾವ ವೀಲ್‌ಚೇರನ್ನೂ ಒಳಗೆ ಬಿಡುದಿಲ್ಲ. ಗೊತ್ತಿದ್ದವನಾದ್ರೆ ಫ್ಯಾನ್ ತಿರುಗಿಸಿ ಇಡ್ತಾನೆ, ನೀರು ಕೊಡ್ತಾನೆ, 20 ನಿಮಿಷ ಕಾಯ್ತಾನೆ. ಕಡಿಮೆ ಆಗದೆ ಇಡೀ ದಿನ ಹಾಗೇ ಉಳಿದ್ರೆ ಆಗ ಡಾಕ್ಟ್ರಿಗೆ ಹೇಳ್ಬೇಕು. ಹಾಗಾಗಿ ನಾನು ಮಾಡುದು ಬೆಳಿಗ್ಗೆ ಆರಕ್ಕೆ, ಸೆಖೆ ಏಳುವ ಮೊದಲು, ಫ್ಯಾನ್ ಎದುರೇ, ಕುತ್ತಿಗೆಗೆ ಐಸ್ ನೀರಿನಲ್ಲಿ ಅದ್ದಿ ಹಿಂಡಿದ ಬೈರಾಸು. ಏಪ್ರಿಲಿನಲ್ಲಿ ಕರೆಂಟ್ ಹೋದ ದಿನ ರಜೆ. ಫಾರಿನ್‌ನಲ್ಲಿ ಕೂಲಿಂಗ್ ವೆಸ್ಟ್ ಅಂತ ಉಂಟು, ಐಸ್ ಪ್ಯಾಕ್ ಹಾಕುವ ಕೋಟು, ನನ್ನ ಬೈರಾಸು ಅದರ ಬಡ ತಂಗಿ. ಎಸಿ ಇರುವ ಜಿಮ್ ನನಗೆ ಶೋಕಿಗೆ ಅಲ್ಲ, ಅದು ಔಷಧಿ ಇದ್ದ ಹಾಗೆ, ಅದಕ್ಕೇ ನಿಮ್ಮ ಬಾಗಿಲು ಬಡೀತಾ ಇರುದು.

ಮತ್ತೆ ಬಚ್ಚೆಲ್. ತುಳುವಿನ ಈ ಶಬ್ದವೇ ಸರಿ, ಸುಸ್ತು ಅಂದ್ರೆ ಸಾಕಾಗುದಿಲ್ಲ. ಎಂಎಸ್‌ನ ಬಚ್ಚೆಲ್ ಕೆಲಸ ಮಾಡಿ ಬರುದಲ್ಲ, ಸುಮ್ನೆ ಕೂತಿದ್ರೂ ಮೇಲಿಂದ ಒದ್ದೆ ಗೋಣಿ ಹಾಕಿದ ಹಾಗೆ ಬಂದು ಕೂರ್ತದೆ. ಕಮಾನ್ ಅಕ್ಕ ಇನ್ನೊಂದು ಸೆಟ್ ಅಂತ ಕಿರುಚುವ ಟ್ರೈನರ್ ನಂಗೆ ಬೇಡ, ಬೆವರು ಕಂಡ ಕೂಡ್ಲೆ ಅಯ್ಯೋ ಸಾಕು ಸಾಕು ಅನ್ನುವವನೂ ಬೇಡ. ವಾಚಿನಲ್ಲಿ ಹಾರ್ಟ್ ರೇಟ್ ನೋಡಿ ಹೇಳ್ತೇನೆ ಅಂದ್ರೂ ಪ್ರಯೋಜನ ಇಲ್ಲ, ಎಂಎಸ್ ಇದ್ದ ಕೆಲವರಿಗೆ ದುಡಿದಷ್ಟು ಹಾರ್ಟ್ ರೇಟ್ ಏರುದೇ ಇಲ್ಲ. ಮಾತಾಡಿಸಿ ನೋಡಿ, ಅಷ್ಟೇ. ಮಾತಾಡ್ಲಿಕ್ಕೆ ಆಗ್ಬೇಕು, ಭಜನೆ ಹೇಳ್ಲಿಕ್ಕೆ ಆಗ್ಬಾರ್ದು, ಅಷ್ಟು ಹದ. ಮುಗಿದು ಎರಡು ಗಂಟೆಯಲ್ಲಿ ಮೈ ಮೊದಲಿನ ಹಾಗೆ ಆದ್ರೆ ಸರಿ, ಮರುದಿನವೂ ಎದ್ದೇಳ್ಲಿಕ್ಕೆ ಆಗದಿದ್ರೆ ಹಿಂದಿನ ದಿನ ಜಾಸ್ತಿ ಆಯ್ತು ಅಂತ. ನಡುವೆ ಕಾಲು ತಾನಾಗಿ ಚಾಚಿ ಗಡಗಡ ನಡುಗ್ತದೆ, ಸ್ಪಾಸಂ ಅದು, ಹೆದರ್ಬೇಡಿ, ನಿಧಾನವಾಗಿ ಮಂಡಿ ಬಗ್ಗಿಸಿ ಹಿಡೀರಿ. ಅರ್ಧ ಗಂಟೆಗೊಮ್ಮೆ ಸೀಟಿನಿಂದ ಸ್ವಲ್ಪ ಎದ್ದು ಕೂರ್ಲಿಕ್ಕೆ ನೆನಪಿಸಿ, ಇಲ್ಲದಿದ್ರೆ ಚರ್ಮ ಹುಣ್ಣಾಗ್ತದೆ, ನಮ್ಮಲ್ಲಿ ಕೆಲವರಿಗೆ ನೋವೂ ಗೊತ್ತಾಗುದಿಲ್ಲ.

ಹೇಳ್ಲಿಕ್ಕೆ ನಾಚಿಕೆ ಆಗುವ ವಿಷಯ ಒಂದುಂಟು, ಆದ್ರೂ ಹೇಳ್ತೇನೆ, ನಾಚಿಕೆ ಪಟ್ಟು ಪಟ್ಟೇ ಇಷ್ಟು ವರ್ಷ ಹೋಯ್ತು. ಟಾಯ್ಲೆಟ್. ಎಂಎಸ್‌ನಲ್ಲಿ ತುಂಬ ಜನರಿಗೆ ಮೂತ್ರ ತಡೀಲಿಕ್ಕೆ ಆಗುದಿಲ್ಲ, ಬಂತು ಅಂದ್ರೆ ಬಂತು. ಹೊರಗೆ ಹೋಗ್ಬೇಕಾದ್ರೆ ನಾವು ಬೆಳಗ್ಗಿನಿಂದ ನೀರು ಕುಡಿಯುದಿಲ್ಲ. ನೀರು ಕುಡೀದೆ ನಮ್ಮ ಸೆಖೆಯಲ್ಲಿ ವ್ಯಾಯಾಮ ಮಾಡಿದ್ರೆ ಎಂತ ಆಗ್ತದೆ ನೀವೇ ಹೇಳಿ. ಹಾಗಾಗಿ ನಿಮ್ಮ ಟಾಯ್ಲೆಟ್ ಬಾಗಿಲು ನಿಮ್ಮ ಟ್ರೆಡ್‌ಮಿಲ್‌ಗಿಂತ ಮುಖ್ಯ ನನಗೆ.

ಪಾರ್ಕಿನ ಓಪನ್ ಜಿಮ್ಮಿನ ಸಾಹೇಬ್ರುಗಳೇ, ಈಗ ನಿಮ್ಮ ಹತ್ರ. ಒಂದು ಪಾರ್ಕಿಗೆ ಹೋಗಿದ್ದೆ, ಗೇಟಿನಲ್ಲಿ ಬೈಕ್ ಹೋಗ್ಬಾರ್ದು ಅಂತ ಕಬ್ಬಿಣದ ಕಂಬ ನೆಟ್ಟಿದ್ರು, ಬೈಕಿನವರು ಪಕ್ಕದ ಹುಲ್ಲಿನ ಮೇಲೆ ಆರಾಮಾಗಿ ಹೋಗ್ತಾ ಇದ್ರು, ನಾನು ಮಾತ್ರ ಹೊರಗೆ. ಹೇಗೋ ಒಳಗೆ ಹೋದ್ರೆ ಎಲ್ಲ ಮೆಷಿನಿಗೂ ಸೀಟ್ ವೆಲ್ಡ್ ಮಾಡಿ ಕೂರಿಸಿದ್ದಾರೆ. ನನ್ನ ಸೀಟ್ ನಾನೇ ತಂದಿದ್ದೇನಲ್ಲ ಸ್ವಾಮಿ! ಒಂದು ಮಾತ್ರ ಆಗುವ ಹಾಗೆ ಇತ್ತು, ಕಂಬಕ್ಕೆ ದೊಡ್ಡ ಚಕ್ರ ಹಾಕಿ ಭುಜಕ್ಕೆ ತಿರುಗಿಸುವಂಥದ್ದು. ಆದ್ರೆ ಅದರ ಸುತ್ತ ಅರ್ಧ ಅಡಿ ಎತ್ತರದ ಸಿಮೆಂಟ್ ಕಟ್ಟೆ. ಆ ಕಟ್ಟೆ ಇಲ್ಲದಿದ್ರೆ, ಚಕ್ರ ಒಂದು ಅಡಿ ಕೆಳಗೆ ಇದ್ದಿದ್ರೆ, ನಂಗೂ ಆಗ್ತಿತ್ತು, ಕುಳ್ಳಗಿನ ಮಕ್ಕಳಿಗೂ ಆಗ್ತಿತ್ತು, ನಿಂತು ಮಾಡ್ಲಿಕ್ಕಾಗದ ಅಜ್ಜಂದಿರಿಗೂ ಆಗ್ತಿತ್ತು, ಸಿಮೆಂಟೂ ಉಳೀತಿತ್ತು. ಹೊಸ ಟೆಂಡರ್ ಹಾಕುವಾಗ ಇದೊಂದು ಸಾಲು ಸೇರಿಸಿ.

ಕಾನೂನು ನೆನಪಿಸುದು ನಂಗೆ ಇಷ್ಟ ಇಲ್ಲ, ಆದ್ರೆ ಕೆಲವರಿಗೆ ಅದೇ ಭಾಷೆ ಅರ್ಥ ಆಗುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಉಂಟು, ಅದರಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಹೆಸರು ಹಿಡಿದೇ ಬರೆದಿದ್ದಾರೆ. ಸೆಕ್ಷನ್ 30 ಪೂರ್ತಿ ಕ್ರೀಡೆಯ ಬಗ್ಗೆಯೇ, ಸೌಲಭ್ಯಗಳನ್ನು ನಮಗೂ ಆಗುವ ಹಾಗೆ ಮಾಡ್ಬೇಕು ಅಂತ. ಸಾರ್ವಜನಿಕರು ಬಳಸುವ ಕಟ್ಟಡ ಅಂದ್ರೆ ಸರ್ಕಾರದ್ದು ಮಾತ್ರ ಅಲ್ಲ, ಖಾಸಗಿಯವರದ್ದೂ ಬರ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು, ಇಂಥ ಜಾಗ ನಮಗೂ ಆಗುವ ಹಾಗೆ ಇರ್ಬೇಕು ಅನ್ನುದು ಬರೀ ಸಲಹೆ ಆಗಿ ಉಳಿದ್ರೆ ಸಾಲದು, ಕಡ್ಡಾಯ ಮಾನದಂಡ ಬೇಕು ಅಂತ. ಇಷ್ಟು ಸಾಕು.

ಫಿಸಿಯೋ ಡಾಕ್ಟ್ರುಗಳೇ, ನಮ್ಮ ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಲಿಸುವ ಕಾಲೇಜು ಎಷ್ಟುಂಟು ಅಂತ ನಿಮಗೆ ನಾನು ಹೇಳ್ಬೇಕಾ. ಕೇರಳದಿಂದೆಲ್ಲ ಮಕ್ಕಳು ಇಲ್ಲಿಗೆ ಬಂದು ಕಲೀತಾರೆ. ಆ ಮಕ್ಕಳಲ್ಲಿ ಇಬ್ಬರನ್ನು ವಾರಕ್ಕೆ ಎರಡು ಗಂಟೆ ಒಂದು ಜಿಮ್ಮಿಗೆ ಕಳಿಸಿ, ಟ್ರೈನರ್ ಹುಡುಗನಿಗೆ ಅವರು ನರದ ವಿಷಯ ಹೇಳಿಕೊಡ್ಲಿ, ಅವನು ಇವರಿಗೆ ಬೆವರು ಇಳಿಸುದು ಹೇಳಿಕೊಡ್ಲಿ. ನೀವು ನಮ್ಮ ಕಾಲು ಎತ್ತಿ ಇಳಿಸುದು ಬೇಡ ಅಂತ ಅಲ್ಲ, ಬಿಗಿತಕ್ಕೆ ಅದು ಬೇಕೇ ಬೇಕು. ಆದ್ರೆ ಅದು ನೀವು ಮಾಡುವ ವ್ಯಾಯಾಮ, ನಂಗೆ ನಾನು ಮಾಡುವ ವ್ಯಾಯಾಮ ಬೇಕು. ಇಂಪ್ರೂವ್‌ಮೆಂಟ್ ಕಷ್ಟ ಅಂತ ಫೈಲ್ ಮುಚ್ಚುವ ಮೊದಲು ಹಲಗೆಯ ಮೇಲೆ ಜಾರ್ಲಿಕ್ಕೆ ಆಗ್ತದಾ, ಕುಕ್ಕರ್ ಎತ್ತಿ ಇಳಿಸ್ಲಿಕ್ಕೆ ಆಗ್ತದಾ, ಒಂದು ಬೊಂಡ ಕುಡಿದು ಮುಗಿಸುವಷ್ಟು ಹೊತ್ತು ಒರಗದೆ ಕೂರ್ಲಿಕ್ಕೆ ಆಗ್ತದಾ ಅಂತಲೂ ಕೇಳಿ. ನಿಮ್ಮ ಫಾರ್ಮಿನಲ್ಲಿ ಎಷ್ಟು ಮೀಟರ್ ನಡೀತೀರಿ ಅನ್ನುವ ಒಂದೇ ಕಾಲಂ ಉಂಟು, ಅದರಲ್ಲಿ ನಂದು ಯಾವಾಗಲೂ ಸೊನ್ನೆ.

ಆ ಟ್ರೈನರ್ ಹುಡುಗ ಇದನ್ನು ಓದ್ತಾ ಇದ್ರೆ, ಬೇಜಾರು ಮಾಡ್ಬೇಡ ಮಾರಾಯ, ನೀನು ನೀರು ಕೊಟ್ಟದ್ದು ನೆನಪುಂಟು. ನಡೆದು ಬರ್ಲಿಕ್ಕೆ ಆಗುದಿಲ್ಲ, ಹಾಗೇ ಬರ್ತೇನೆ, ಬೆಳಿಗ್ಗೆ ಆರೂವರೆಗೆ, ನಿಮ್ಮ ಗಿರಾಕಿಗಳು ಬರುವ ಮೊದಲು. ಫೀಸು ಎಲ್ಲರ ಹಾಗೆಯೇ ಕೊಡ್ತೇನೆ, ಡಿಸ್ಕೌಂಟ್ ಬೇಡ. ಪೆಡಲ್ ನನ್ನದೇ ತರ್ತೇನೆ, ಗ್ರೈಂಡರಿನ ರಬ್ಬರ್ ಶೀಟೂ ತರ್ತೇನೆ, ಬೈರಾಸೂ ತರ್ತೇನೆ, ನಿನ್ನ ಫ್ರಿಜ್ಜಿನಲ್ಲಿ ಸ್ವಲ್ಪ ಐಸ್ ಇದ್ರೆ ಸಾಕು. ಆ ಮೂರು ಮೆಟ್ಲಿಗೆ ಒಂದು ಹಲಗೆಯ ವ್ಯವಸ್ಥೆ ಮಾಡು, ಬೇಕಾದ್ರೆ ನಮ್ಮ ಆಚಾರಿಯವರನ್ನೇ ಕಳಿಸ್ತೇನೆ. ಮತ್ತೆ ಟಾಯ್ಲೆಟ್ ಬಾಗಿಲಿನ ಅಗಲ ಟೇಪ್ ಹಿಡಿದು ಅಳೆದು ಮೊದಲೇ ಹೇಳು. ನನ್ನ ಕುರ್ಚಿ 25 ಇಂಚು.

ಇತಿ,
ಬಿಜೈ ಕಡೆಯ ಒಬ್ಳು ಅಕ್ಕ